ಅಲುಮಿತಾ ತಂದ ತಪ್ಪುಕಾಣಿಕೆ

ನಮ್ಮ ದ್ವೀಪದ ಪಟ್ಟಣ ಲೆವುಕಾದ ಕಡಲ ಬೀದಿಯಲ್ಲಿ ಹಳೆಯ ಮರದ ಅಂಗಡಿಗಳ ಸಾಲು ಮುಗಿಯುವಲ್ಲಿ, ಬಾಗಿಲು ಮುಚ್ಚಿ ಎಷ್ಟೋ ವರ್ಷವಾಗಿದ್ದ ಒಂದು ಹಗ್ಗದಂಗಡಿಯ ಮಹಡಿಯಲ್ಲಿ ಅಲುಮಿತಾ ಇದ್ದರು. ಅಲ್ಲಿ ಕಲಿಯಲು ಹೋಗುತ್ತಿದ್ದ ಹುಡುಗಿಯರಾದ ನಾವೆಲ್ಲ ಅವರನ್ನು ನೇಯಿ ಎನ್ನುತ್ತಿದ್ದೆವು. ಅಪ್ಪನ ಅಕ್ಕತಂಗಿಯರನ್ನು ನಮ್ಮಲ್ಲಿ ಕರೆಯುವುದು ಹಾಗೆ. ನಮ್ಮಲ್ಲಿ ಯಾರಿಗೂ ಅವರು ಸೋದರತ್ತೆಯಾಗಿರಲಿಲ್ಲ. ಆದರೂ ಬೈಯುವ ಹಕ್ಕನ್ನು ಮೊದಲ ದಿನವೇ ತೆಗೆದುಕೊಂಡುಬಿಡುತ್ತಿದ್ದರು.

ನಾನು ಮೊದಲು ಹೋದದ್ದು ಪಾಸ್‌ಪೋರ್ಟ್ ಅಳತೆಯ ಫೋಟೋಕ್ಕೆ. ಆಗ ನನಗೆ ಹದಿನೆಂಟು. ನರ್ಸಿಂಗ್ ಶಾಲೆಗೆ ಅರ್ಜಿ ಹಾಕಬೇಕಿತ್ತು. ಊರಿನಿಂದ ಕಡಲ ದಾರಿ ಹಿಡಿದು ಒಂದು ಗಂಟೆ ನಡೆದು ಬಂದಿದ್ದೆ, ಮುಖವೆಲ್ಲ ಬೆವರು. ನೇಯಿ ಒದ್ದೆ ಬಟ್ಟೆ ಕೊಟ್ಟು ಒರೆಸಿಕೊಳ್ಳಲು ಹೇಳಿ, ಸ್ಟೂಲಿನ ಮೇಲೆ ಕೂರಿಸಿದರು.

"ಹೆಸರೇನು?"

"ತೋರಿಕಾ."

"ಯಾರ ಮೊಮ್ಮಗಳು?"

"ಮಾಕೆರೆತಾ ಅವರ ಮೊಮ್ಮಗಳು. ಆಕ್ಟೋಪಸ್ ಹಿಡೀತಾರಲ್ಲ, ಅವರು."

"ಓ, ಆ ಬಾಯಿಬಡುಕಿ ಮುದುಕಿ. ಮತ್ತೆ ನೀನ್ಯಾಕೆ ಹೀಗೆ ಮೂಗಿ ಥರ ಕೂತಿದ್ದೀಯ?"

ನನಗೆ ನಗು ಬಂತು. ಆ ನಗುವಿಗೇ ಕ್ಯಾಮೆರಾ ಒತ್ತಿದರು. ಅರ್ಜಿಗೆ ಅದು ನಡೆಯುವುದಿಲ್ಲವೆಂದು ಗೊತ್ತಿದ್ದೇ ಒತ್ತಿದರು. ಆಮೇಲೆ ಬಾಯಿ ಮುಚ್ಚಿಸಿ ಇನ್ನೊಂದು ತೆಗೆದು, ಅಚ್ಚಾಗುವ ತನಕ ಒಳಕೋಣೆಯಲ್ಲಿ ಕಾಯಲು ಹೇಳಿದರು.

ಒಳಗೆ ಸೂರಿನಿಂದ ನೆಲದವರೆಗೆ ಉದ್ದುದ್ದ ನಾರುಬಟ್ಟೆಗಳು ಇಳಿಬಿದ್ದಿದ್ದವು. ಗಿಡದ ತೊಗಟೆ ಬಡಿದು ಮಾಡುವ ಅಂಥ ಬಟ್ಟೆಯನ್ನು ಮದುವೆಯಲ್ಲೂ ಸಾವಿನಲ್ಲೂ ಎಷ್ಟೋ ಸಲ ಕಂಡಿದ್ದೆ. ಆದರೆ ಇವುಗಳ ಮೇಲೆ ಕಂದು ಚಿತ್ತಾರದ ಬದಲು ನೀಲಿ ಹೆಂಗಸರಿದ್ದರು. ಒಬ್ಬಳು ಬಲೆ ಹೊತ್ತಿದ್ದಳು, ಒಬ್ಬಳು ನಿದ್ದೆ ಹೋಗಿದ್ದಳು, ಒಬ್ಬಳ ಬೆನ್ನು ಮಾತ್ರ ಕಾಣುತ್ತಿತ್ತು. ಕಿಟಕಿಯ ಸೀಳುಗಳಿಂದ ಕಡಲ ಬೆಳಕು ಬಂದು ನೆಲದ ಮೇಲೆ ಅಲ್ಲಾಡುತ್ತಿತ್ತು. ಗಾಳಿಗೆ ಬಟ್ಟೆಗಳು ಉಸಿರಾಡುತ್ತಿದ್ದವು. ಒಂದರ ಹಿಂದೆ ಯಾರೋ ತೆಂಗಿನಕಾಯಿ ತುರಿಯುವ ಸದ್ದು ಕೇಳಿ ಇಣುಕಿದರೆ ಯಾರೂ ಇಲ್ಲ. ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಸ್ಪೀಕರನ್ನು ಬಟ್ಟೆಯ ಬೆನ್ನಿಗೆ ಹೊಲಿದಿದ್ದರು. ಇನ್ನೊಂದರಿಂದ ಹುಟ್ಟು ಹಾಕುವ ಸದ್ದು, ಮತ್ತೊಂದರಿಂದ ಹೆಂಗಸೊಬ್ಬಳು ಗೊಣಗಿಕೊಳ್ಳುವ ದನಿ. ನಾನು ನೀರಿನಡಿಯಲ್ಲಿ ನಡೆಯುವವಳ ಹಾಗೆ ಒಂದರಿಂದ ಒಂದಕ್ಕೆ ನಡೆದೆ. ಹೊರಗೆ ಇಗರ್ಜಿಯ ಗಡಿಯಾರ ಹೊಡೆದದ್ದು ಕೇಳಿತೋ ಇಲ್ಲವೋ ನೆನಪಿಲ್ಲ.

"ಫೋಟೋ ಬಂದು ಅರ್ಧ ಗಂಟೆ ಆಯ್ತು," ಎಂದರು ನೇಯಿ ಬಾಗಿಲಲ್ಲಿ ನಿಂತು.

"ನಾಳೇನೂ ಬರಬಹುದಾ?"

"ನಾಳೆ ಯಾವ ಫೋಟೋ ಬೇಕು ನಿಂಗೆ?"

"ಫೋಟೋ ಬೇಡ."

ಅವರು ನನ್ನನ್ನು ಒಂದಷ್ಟು ಹೊತ್ತು ನೋಡಿ, "ಬರುವಾಗ ಮರಗೆಣಸು ತಗೊಂಡು ಬಾ. ಇಲ್ಲಿರೋ ಹುಡುಗೀರ ಹೊಟ್ಟೆಗೆ ತಳಾನೇ ಇಲ್ಲ," ಎಂದರು.

ಅರ್ಜಿಯನ್ನು ನಾನು ಅಂಚೆಗೆ ಹಾಕಲೇ ಇಲ್ಲ.

ನೇಯಿ ಹುಟ್ಟಿದ್ದು ವಾತುಲೆಲೆ ದ್ವೀಪದಲ್ಲಿ. ಅಲ್ಲಿ ಬೆಳಗಾದರೆ ಮನೆಮನೆಯಿಂದಲೂ ತೊಗಟೆ ಬಡಿಯುವ ಸದ್ದು. ಅವರ ತಾಯಿ ಆ ಕೆಲಸದಲ್ಲಿ ಹೆಸರಾದವರಂತೆ. ಹದಿನೆಂಟಕ್ಕೆ ನೇಯಿ ರಾಜಧಾನಿ ಸುವಾಕ್ಕೆ ಹೋಗಿ ಒಂದು ಪತ್ರಿಕೆಯ ಕತ್ತಲೆಕೋಣೆಯಲ್ಲಿ ಫಿಲ್ಮ್ ತೊಳೆಯುವ ಕೆಲಸ ಹಿಡಿದರು. ಹನ್ನೊಂದು ವರ್ಷ ಅಲ್ಲಿದ್ದು, ಯಾರದೋ ಮದುವೆಯ ಚಿತ್ರ ತೆಗೆಯಲು ಲೆವುಕಾಕ್ಕೆ ಬಂದವರು ಹಿಂತಿರುಗಲಿಲ್ಲ. ಹೊಟ್ಟೆಪಾಡಿಗೆ ಮದುವೆ, ನಾಮಕರಣ, ಪಾಸ್‌ಪೋರ್ಟ್ ಫೋಟೋ. ಉಳಿದ ಹೊತ್ತೆಲ್ಲ ಒಳಕೋಣೆ. ನಾರುಬಟ್ಟೆಗೆ ಔಷಧಿ ಬಳಿದು, ಮೇಲೆ ದೊಡ್ಡ ನೆಗೆಟಿವ್ ಇಟ್ಟು, ಗಾಜು ಮುಚ್ಚಿ ಬಿಸಿಲಿಗೆ ಹಿಡಿದು, ನೀರಲ್ಲಿ ತೊಳೆದರೆ ನೀಲಿ ಮೂಡುತ್ತದೆ. ಹೇಳಿದಷ್ಟು ಸುಲಭವಲ್ಲ. ನೀರು ಕುಡಿದ ನಾರುಬಟ್ಟೆ ಗಂಜಿಯ ಹಾಗಾಗುತ್ತದೆ, ಎತ್ತಿದರೆ ಹರಿಯುತ್ತದೆ. ಅದನ್ನು ಚಾಪೆಯ ಮೇಲೆ ಮಲಗಿಸಿ, ಕೂಸನ್ನು ಎತ್ತುವ ಹಾಗೆ ಇಬ್ಬರು ಸೇರಿ ಎತ್ತಬೇಕು. ಹರಿಯದಂತೆ ಎತ್ತುವುದನ್ನು ಕಲಿಯಲು ಅವರಿಗೇ ಮೂರು ವರ್ಷ ಹಿಡಿದಿತ್ತು.

ನಾನು ಹೋಗುವ ಹೊತ್ತಿಗೆ ಅಲ್ಲಿ ನಾಲ್ವರು ಹುಡುಗಿಯರಿದ್ದರು. ಎಲ್ಲರಿಗೂ ಸೇರಿ ಒಂದು ಕ್ಯಾಮೆರಾ, ಒಂದು ಕಂಪ್ಯೂಟರು. ಮೊದಲ ತಿಂಗಳು ಕ್ಯಾಮೆರಾ ಮುಟ್ಟುವ ಹಾಗಿರಲಿಲ್ಲ. ಬೀದಿಗೆ ಹೋಗಿ ಬಂದು, ಕಣ್ಣು ಮುಚ್ಚಿ ಕಂಡದ್ದನ್ನು ಹೇಳಬೇಕು.

"ಒಬ್ಬಳು ಹೆಂಗಸು ಮೀನು ಮಾರ್ತಿದ್ಳು," ಎಂದೆ ಒಂದು ದಿನ.

"ಎಡಗೈಯಿಂದ ನೊಣ ಓಡಿಸ್ತಿದ್ಳೋ, ಬಲಗೈಯಿಂದಲೋ?"

"ನೋಡಲಿಲ್ಲ."

"ಹಾಗಾದ್ರೆ ಹೆಂಗಸನ್ನೂ ನೋಡಲಿಲ್ಲ ನೀನು. ಮತ್ತೆ ಹೋಗು."

ಯಾರದ್ದೇ ಚಿತ್ರ ತೆಗೆಯುವ ಮೊದಲು ಅವರ ಮನೆಯಲ್ಲಿ ಕೂತು ಮಾತಾಡಬೇಕು. ಬೇರೆ ಊರಾದರೆ ಅರೆದು ಕುಡಿಯುವ ಯಂಗೋನಾ ಬೇರಿನ ಕಟ್ಟನ್ನು ಕಾಣಿಕೆಯಾಗಿ ಮುಂದಿಟ್ಟು, ರೀತಿಯಂತೆ ಅಪ್ಪಣೆ ಕೇಳಬೇಕು. ಬೇಡವೆಂದರೆ ಚಹಾ ಕುಡಿದು ವಾಪಸು ಬರಬೇಕು. ಕೆಲೇರಾ ಎಂಬ ನನ್ನ ಜೊತೆಯವಳು, "ನೇಯಿ, ಹೀಗಾದ್ರೆ ನಾವು ಫೋಟೋಗಿಂತ ಚಹಾನೇ ಜಾಸ್ತಿ ತಗೋತೀವಿ," ಎಂದರೆ, "ತಗೋ, ಸಣ್ಣಗಿದ್ದೀಯ," ಎನ್ನುತ್ತಿದ್ದರು. ಆಕೆ ಸಣ್ಣಗೆ ಇರಲಿಲ್ಲ.

ಒಂದು ವರ್ಷದ ಮೇಲೆ, ಕಡಲು ಇಳಿದಿದ್ದ ಒಂದು ಬೆಳಿಗ್ಗೆ, ಬುಬುವಿನ ಜೊತೆ ಹವಳದ ದಿಬ್ಬಕ್ಕೆ ಹೋಗುವಾಗ ಕ್ಯಾಮೆರಾದ ಸರದಿ ನನ್ನದಿತ್ತು. ಬುಬು ಅಂದರೆ ನನ್ನ ಅಜ್ಜಿ ಮಾಕೆರೆತಾ. ಆಕೆ ಬಂಡೆಯ ಪೊಟರೆಗೆ ಕೈ ತೂರಿಸಿ, ನೀರಲ್ಲಿ ಮುಳುಗಿ, ಎಷ್ಟು ಹೊತ್ತಾದರೂ ಏಳಲಿಲ್ಲ. ನನಗೆ ದಿಗಿಲಾಯಿತು. ಕಡೆಗೆ ಎದ್ದಾಗ ಆಕ್ಟೋಪಸ್ ಮೊಣಕೈಯವರೆಗೂ ಸುತ್ತಿಕೊಂಡಿತ್ತು. ಇಳಿಯಲೊಲ್ಲದ ಮೊಮ್ಮಗುವನ್ನು ಎತ್ತಿಕೊಂಡವಳ ಹಾಗೆ ಬುಬು ಅದರ ಕಡೆ ನೋಡಿ ಬಾಯಿ ತುಂಬ ನಗುತ್ತಿದ್ದಳು. ಆ ಬಾಯಲ್ಲಿ ಮೂರೇ ಹಲ್ಲು. ಮೋಡ ಸ್ವಲ್ಪ ಸರಿದು ಅವಳೊಬ್ಬಳ ಮೇಲೆ ಬೆಳಕು ಬಿತ್ತು. ನಾನು ಒಂದೇ ಒಂದು ಸಲ ಒತ್ತಿದೆ.

ನೇಯಿ ಅದನ್ನು ಕಂಪ್ಯೂಟರಿನಲ್ಲಿ ನೋಡಿದರು. ಎದ್ದು ಹೋಗಿ ನಿಂಬೆ ಎಲೆಯ ಚಹಾ ಮಾಡಿ ತಂದು, ನನ್ನ ಮುಂದೆ ಇಟ್ಟರು. ಅಷ್ಟು ದಿನ ಚಹಾ ಮಾಡುವುದು ನಮ್ಮ ಕೆಲಸವಾಗಿತ್ತು.

ಆ ವರ್ಷದ ಕೊನೆಗೆ ಸುವಾದಲ್ಲಿ ಅವರ ದೊಡ್ಡ ಪ್ರದರ್ಶನ ಏರ್ಪಾಡಾಯಿತು. ಏಳು ಬಟ್ಟೆ, ಏಳು ಹೆಂಗಸರು, ಏಳು ದನಿ. ಅದರಲ್ಲೊಂದು ಬುಬುವಿನ ಚಿತ್ರ. "ನಿನ್ನದನ್ನೂ ಹಾಕ್ತೀನಿ," ಎಂದಷ್ಟೇ ನೇಯಿ ನನಗೆ ಹೇಳಿದ್ದರು. ನಾನು ಬುಬುವನ್ನು ದೋಣಿಯಲ್ಲಿ ಕರೆದುಕೊಂಡು ಹೋದೆ. ಅವಳು ಇಗರ್ಜಿಗೆ ಉಡುವ ಬಿಳಿ ಉಡುಪು ಉಟ್ಟು, ದಾರಿಯುದ್ದಕ್ಕೂ ಗುರುತಿಲ್ಲದವರಿಗೆಲ್ಲ, "ನನ್ನನ್ನ ಗೋಡೆಗೆ ಹಾಕಿದ್ದಾರಂತೆ," ಎಂದು ಹೇಳುತ್ತ ಬಂದಳು.

ಪ್ರದರ್ಶನದ ಕೋಣೆ ತಣ್ಣಗೆ, ಮಬ್ಬಾಗಿತ್ತು. ಬುಬು ತನ್ನ ಎರಡಾಳೆತ್ತರದ ನೀಲಿ ನಗುವಿನ ಮುಂದೆ ತಲೆಯೆತ್ತಿ ನಿಂತಳು. ಹಿಂದಿನಿಂದ ಅವಳದೇ ದನಿ, ಆಕ್ಟೋಪಸನ್ನು ಪುಸಲಾಯಿಸುವಾಗ ನೇಯಿ ದಡದಲ್ಲಿ ನಿಂತು ಹಿಡಿದುಕೊಂಡಿದ್ದ ದನಿ, ಮೆಲ್ಲಗೆ ಬರುತ್ತಿತ್ತು. ಅವಳು ಬೆರಳು ಚಾಚಿ ಬಟ್ಟೆಯ ಕೆನ್ನೆಯನ್ನು ಮುಟ್ಟಿದಳು.

"ಮುಟ್ಟಬಾರದು, ಅಮ್ಮ," ಎಂದ ಕಾವಲಿನವನು.

"ನನ್ನ ಕೆನ್ನೆ ನಾನು ಮುಟ್ಟಬಾರದೇನಪ್ಪ?"

ಸುತ್ತ ಇದ್ದವರು ನಕ್ಕರು. ಬುಬುವಿಗೆ ಹುರುಪು ಬಂತು. ಪಕ್ಕದ ಗೋಡೆಯ ಮೇಲಿದ್ದ ಫಲಕ ತೋರಿಸಿ, "ಇಲ್ಲೇನು ಬರೆದಿದೆ, ಓದು," ಎಂದಳು. ನಾನು ಆಗಲೇ ಓದಿಯಾಗಿತ್ತು. ಚಿತ್ರ, ಬಟ್ಟೆ, ಧ್ವನಿ: ಅಲುಮಿತಾ ನಾಸಾವು. ಅಷ್ಟೇ. ದನಿ ತಗ್ಗಿಸಿ ಓದಿ ಹೇಳಿದೆ.

ಬುಬುವಿಗೆ ದನಿ ತಗ್ಗಿಸಿ ಗೊತ್ತಿರಲಿಲ್ಲ. "ಅಲುಮಿತಾ ಯಾವತ್ತು ನಮ್ಮ ನೀರಿಗೆ ಇಳಿದಳು? ಅವಳಿಗೆ ಈಜೇ ಬರಲ್ಲವಲ್ಲ. ಅವತ್ತು ನನ್ನೆದುರಿಗೆ ಇದ್ದವಳು ನೀನು."

ನೇಯಿ ನಾಲ್ಕು ಮಾರು ದೂರದಲ್ಲಿ ಅತಿಥಿಗಳ ನಡುವೆ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಮುಂಚೆ ಅವರು ಮಾತಾಡುವಾಗ, "ಈ ನಗು ನನಗೆ ದಕ್ಕಿತು," ಎಂದಿದ್ದರು. ಈಗ ಅವರು ನಮ್ಮ ಕಡೆ ತಿರುಗಿದರು. ಯಾರೋ ಏನೋ ಕೇಳಿದರು, ಅವರು ಅತ್ತ ತಿರುಗಿಬಿಟ್ಟರು. ನಾನು, "ಸುಮ್ನಿರು ಬುಬು, ಹೋಗೋಣ," ಎಂದು ಅವಳ ಕೈ ಹಿಡಿದು ಹೊರಗೆ ಬಂದೆ.

ಮಧ್ಯಾಹ್ನದ ದೋಣಿಯಲ್ಲಿ ಬುಬು ಒಂದೇ ಮಾತು ಕೇಳಿದಳು. "ನಾನು ತಪ್ಪು ಹೇಳಿದ್ನಾ?"

"ಇಲ್ಲ."

ಆಮೇಲೆ ನಾನು ಲೆವುಕಾದ ಕಡೆ ಹೋಗಲಿಲ್ಲ. ದಿನಾ ಬುಬುವಿನ ಜೊತೆ ದಿಬ್ಬಕ್ಕೆ ಹೋದೆ, ಬುಟ್ಟಿ ತುಂಬ ಚಿಪ್ಪು ಆರಿಸಿದೆ. ಹೆಸರಿಲ್ಲದ್ದಕ್ಕೆ ನೋವಾಯಿತೆಂದು ಮೊದಲು ಅಂದುಕೊಂಡಿದ್ದೆ. ಆಮೇಲಾಮೇಲೆ ತಿಳಿಯಿತು, ನೋವು ಅದಲ್ಲ. ಅವರು ಅತ್ತ ತಿರುಗಿದ್ದು. ಬಿಸಿಲಿಗೆ ನೀರು ಥಳಥಳಿಸುವಾಗೆಲ್ಲ ಆ ನೀಲಿ ಕೋಣೆ ಕಣ್ಣ ಮುಂದೆ ಬರುತ್ತಿತ್ತು, ಆ ದನಿಗಳು ಕೇಳುತ್ತಿದ್ದವು. ಕನಸಿನಲ್ಲಿ ಬಟ್ಟೆಗಳ ನಡುವೆ ನಡೆಯುತ್ತಿದ್ದೆ, ಆದರೆ ಅವುಗಳ ಮೇಲೆ ಯಾರೂ ಇರುತ್ತಿರಲಿಲ್ಲ.

ಐದನೆಯ ವಾರ ಕೆಲೇರಾ ಬಂದಳು.

"ನೇಯಿ ಊಟ ಬಿಟ್ಟಿದ್ದಾರೆ ಅಂತ ಹೇಳೋಕೆ ಬಂದಿಲ್ಲ," ಎಂದಳು. "ಚೆನ್ನಾಗೇ ತಿಂತಿದ್ದಾರೆ. ಆದ್ರೆ ಯಾರನ್ನೂ ಬೈತಿಲ್ಲ ಕಣೇ. ನಿನ್ನೆ ನಾನು ಗಾಜು ಒಡೆದೆ. ಪರವಾಗಿಲ್ಲ ಅಂದ್ರು. ನಮಗೆಲ್ಲ ಭಯ ಆಗ್ತಿದೆ."

ನನಗೆ ನಗು ಬಂತು. ಆದರೂ ಹೋಗಲಿಲ್ಲ.

ಅದಾದ ಶನಿವಾರ ಬೆಳಿಗ್ಗೆ ನಾನು ಅಂಗಳದಲ್ಲಿ ಚಾಪೆ ಒಣಹಾಕುತ್ತಿದ್ದಾಗ ಕಡಲ ದಾರಿಯಲ್ಲಿ ನೇಯಿ ಒಬ್ಬರೇ ನಡೆದು ಬರುವುದು ಕಂಡಿತು. ಕಾಲುಮುಟ್ಟುವ ಕಪ್ಪು ಉಡುಪು, ಎದೆಗವಚಿದ ಒಂದು ಗಂಟು. ಅವರ ದಾಯಾದಿ ಅಣ್ಣನೊಬ್ಬ ಅವರ ಪರವಾಗಿ ಮಾತಾಡಲು ಒಪ್ಪಿದ್ದನಂತೆ. ಹೊರಡುವ ಹೊತ್ತಿಗೆ, "ಹತ್ತೊಂಬತ್ತರ ಹುಡುಗಿ ಮುಂದೆ ನಾನು ತಲೆ ತಗ್ಗಿಸಲ್ಲ, ನೀನೂ ತಗ್ಗಿಸಬೇಡ," ಎಂದು ಹಿಂದೆ ಸರಿದನಂತೆ. ಇದನ್ನೆಲ್ಲ ಕೆಲೇರಾ ಆಮೇಲೆ ಹೇಳಿದಳು.

ನೇಯಿ ಮನೆಯೊಳಗೆ ಬಂದು, ಬಾಗಿಲ ಹತ್ತಿರ, ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು ಕೂರುವ ಜಾಗದಲ್ಲಿ ಕೂತರು. ಗಂಟು ಬಿಚ್ಚಿದರು. ಒಳಗಿದ್ದದ್ದು ತಂಬುವಾ, ತಪ್ಪೊಪ್ಪಿ ಕ್ಷಮೆ ಕೇಳುವಾಗ ನಮ್ಮಲ್ಲಿ ಮುಂದಿಡುವ ತಿಮಿಂಗಿಲದ ಹಲ್ಲು. ಹಳೆಯದು, ಎಣ್ಣೆ ಕುಡಿದು ಜೇನಿನ ಬಣ್ಣಕ್ಕೆ ತಿರುಗಿತ್ತು, ತೆಂಗಿನ ನಾರಿನ ಹಗ್ಗ ಕಟ್ಟಿತ್ತು. ಅವರ ತಾಯಿ ಸತ್ತಾಗ ಅವರ ಪಾಲಿಗೆ ಬಂದ ಒಂದೇ ವಸ್ತು ಅದು. ಅದನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿದರು. ಇಂಥ ಮಾತನ್ನು ನಮ್ಮಲ್ಲಿ ಗಂಡಸರು ಆಡುತ್ತಾರೆ, ಅದಕ್ಕೆ ಹಳೆಯ ಪದಗಳಿವೆ. ನೇಯಿಗೆ ಆ ಪದಗಳು ಅರ್ಧಕ್ಕೇ ಮರೆತುಹೋದವು. ಆಮೇಲೆ ಸಾಧಾರಣ ಮಾತಿನಲ್ಲೇ ಹೇಳಿದರು.

"ಮಾಕೆರೆತಾ, ನಿಮ್ಮ ಮನೆ ಹುಡುಗಿದು ನಾನು ತಗೊಂಡೆ. ಮರೆತೆ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಫಲಕ ಬರೆಸುವಾಗ ನೆನಪಿತ್ತು. ಬಟ್ಟೆ ನಂದು, ನೀಲಿ ನಂದು, ಕಲಿಸಿದವಳು ನಾನು, ಆಮೇಲೆ ಹೇಳಿದ್ರಾಯ್ತು ಅಂದ್ಕೊಂಡೆ."

ತಲೆಯೆತ್ತದೆ ಮುಂದುವರಿಸಿದರು.

"ಸುವಾದಲ್ಲಿ ಕತ್ತಲೆಕೋಣೆಯಲ್ಲಿದ್ದಾಗ ಫೋಟೋಗ್ರಾಫರ್ ಒಬ್ಬರು ಕುಡಿದು ಮಲಗಿದ್ರೆ ಅವರ ಕ್ಯಾಮೆರಾ ತಗೊಂಡು ನಾನೇ ಹೋಗ್ತಿದ್ದೆ. ಪ್ರವಾಹ, ಮುಷ್ಕರ, ರಗ್ಬಿ, ಎಲ್ಲಾ ತೆಗೆದಿದ್ದೀನಿ. ಬೆಳಿಗ್ಗೆ ಪೇಪರಲ್ಲಿ ಅವರ ಹೆಸರು. ಒಂದು ಸಲ ಕೇಳಿದ್ದಕ್ಕೆ, ಕ್ಯಾಮೆರಾ ನಂದು, ಕಲಿಸಿದವನು ನಾನು ಅಂದ್ರು. ಆ ಮಾತು ಕೇಳಿ ಮೂವತ್ತು ವರ್ಷ ಆಯ್ತು. ಅವತ್ತು ಸುವಾದಿಂದ ಬಂದು ಕೋಣೇಲಿ ಒಬ್ಬಳೇ ಕೂತಾಗ ಗೊತ್ತಾಯ್ತು, ಅದೇ ಮಾತು ನನ್ನ ಬಾಯಲ್ಲೂ ಇದೆ ಅಂತ."

ರೀತಿಯಂತೆ ಉತ್ತರ ಕೊಡಲು ಮನೆಯಲ್ಲಿ ಗಂಡಸರಾರೂ ಇರಲಿಲ್ಲ. ಬುಬು ಮುಂದೆ ಸರಿದು ಬಂದು, ತಂಬುವಾವನ್ನು ನೋಡಿ, ನನ್ನ ಕಡೆ ತಿರುಗಿದಳು.

"ತಪ್ಪಾಗಿರೋದು ನನಗಲ್ಲ. ನೀನು ತಗೋತೀಯಾ, ಬೇಡವಾ, ನೀನೇ ಹೇಳು."

ನಾನು ಎದ್ದು ಹೋಗಿ ಅವರೆದುರು ಕೂತೆ. ನನಗಿಂತ ಕೆಳಗೆ ಕೂತ ನೇಯಿಯನ್ನು ನಾನು ಯಾವತ್ತೂ ಕಂಡಿರಲಿಲ್ಲ. ಆ ತಗ್ಗಿದ ತಲೆಯ ನರೆಗೂದಲನ್ನು ನೋಡುತ್ತಿದ್ದರೆ ಗೆದ್ದೆ ಎಂಬ ಭಾವ ಬರಲಿಲ್ಲ, ಎದೆಯಲ್ಲಿ ಏನೋ ಸಡಿಲವಾದ ಹಾಗಾಯಿತು. ತಂಬುವಾ ತೆಗೆದುಕೊಂಡೆ. ನೋಡಿದ್ದಕ್ಕಿಂತ ಭಾರವಿತ್ತು. ಬುಬು ಅಂಗೈ ಬೊಗಸೆ ಮಾಡಿ ಮೂರು ಸಲ ತಟ್ಟಿದಳು. ರೀತಿಯ ಪ್ರಕಾರ ಅಲ್ಲಿಗೆ ಮುಗಿಯಿತು.

"ಇನ್ನು ಊಟ," ಎಂದಳು ಬುಬು. "ಅದಕ್ಕೆ ಮುಂಚೆ, ಅಲುಮಿತಾ, ನಿನಗೆ ಈಜು ಬರಲ್ಲ ಅಂತ ಎಲ್ಲರ ಮುಂದೆ ಹೇಳಿಬಿಟ್ಟೆ. ಅದು ನನ್ನ ತಪ್ಪು. ಏಳು, ನೀರಿಗೆ ಹೋಗೋಣ."

"ಈಗ್ಲೇನಾ? ನನಗೆ ಐವತ್ತೊಂಬತ್ತು."

"ನನಗೆ ಎಪ್ಪತ್ತಾರು. ನಾನೇನು ಮುಳುಗಿದ್ದೀನಾ?"

ದ್ವೀಪದಲ್ಲಿ ಹುಟ್ಟಿಯೂ ನೇಯಿ ಈಜು ಕಲಿತಿರಲಿಲ್ಲ. ಚಿಕ್ಕಂದಿನಲ್ಲಿ ಅಣ್ಣನೊಬ್ಬ ನೀರುಪಾಲಾಗಿದ್ದರಿಂದ ತಾಯಿ ಅವರನ್ನು ದಡದಾಚೆ ಬಿಟ್ಟಿರಲಿಲ್ಲ. ಅವತ್ತು ಅವರು ನನ್ನದೊಂದು ಹಳೆಯ ಸುಲು ಪಂಚೆ ಸುತ್ತಿಕೊಂಡು ಸೊಂಟದ ಮಟ್ಟದ ನೀರಿಗೆ ಇಳಿದರು. ಬುಬು ಒಂದು ಅಂಗೈಯನ್ನು ಅವರ ಬೆನ್ನಡಿ ಇಟ್ಟು ಮಲಗಿಸಿದಳು. "ಬಾನು ನೋಡು. ಕಾಲು ಮರೆತುಬಿಡು." ನೀರು ಕನ್ನಡಿಯಂತೆ ನಿಂತಿತ್ತು. ಹಿಂದೆ ಬೆಟ್ಟದ ತುದಿಯನ್ನು ಮಂಜು ಮುಚ್ಚಿತ್ತು. ಬುಬು ಯಾವಾಗ ಕೈ ತೆಗೆದಳೋ ನೇಯಿಗೆ ತಿಳಿಯಲಿಲ್ಲ. ಅವರು ಕಣ್ಣು ತೆರೆದುಕೊಂಡೇ ತೇಲುತ್ತಿದ್ದರು. ಕಿವಿ ನೀರಿನಡಿ ಇತ್ತು. ಆಮೇಲೆ ಎದ್ದವರು ಮೊದಲು ಹೇಳಿದ ಮಾತು: "ಕೆಳಗೆ ಚಿಟಿಚಿಟಿ ಅಂತ ಸದ್ದು ಬರುತ್ತಲ್ಲ, ಯಾರದದು?"

"ಹವಳದ್ದು. ಮೀನು ಮೇಯೋದು, ಸೀಗಡಿ ಚಿಟಿಕೆ ಹೊಡೆಯೋದು," ಎಂದಳು ಬುಬು. "ಇಷ್ಟು ವರ್ಷ ದನಿ ಹಿಡಿದವಳು ನೀನು, ಇದನ್ನೇ ಕೇಳಿರಲಿಲ್ವಾ?"

ಮುಂದಿನ ಸೋಮವಾರ ನೇಯಿ ಸುವಾಕ್ಕೆ ಹೋಗಿ ಫಲಕ ಬದಲಾಯಿಸಿದರು. ಬಂದವರಿಗೆಲ್ಲ ಏನಾಯಿತೆಂದು ತಾವೇ ನಿಂತು ಹೇಳಿದರು. ಕೆಲವರಿಗೆ ಅದು ಹಿಡಿಸಲಿಲ್ಲ. ಹೊರದೇಶದ ಒಂದು ಪ್ರದರ್ಶನಕ್ಕೆ ಕರೆಯುವ ಮಾತಿತ್ತು, ಆ ಕರೆ ಬರಲಿಲ್ಲ. ಅದರ ಬಗ್ಗೆ ಅವರು ಒಮ್ಮೆಯೂ ಮಾತೆತ್ತಲಿಲ್ಲ.

ನಾನು ಮತ್ತೆ ಹೋಗತೊಡಗಿದೆ. ಎಲ್ಲ ಮೊದಲಿನಂತಾಯಿತು ಎಂದರೆ ಅದು ನಿಜವಲ್ಲ. ಒಂದು ವರ್ಷ ನನ್ನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬಿಡದೆ ನನ್ನ ಚೀಲದಲ್ಲೇ ಮನೆಗೆ ಒಯ್ಯುತ್ತಿದ್ದೆ. ನೇಯಿಗೆ ಅದು ಕಾಣುತ್ತಿತ್ತು, ಕೇಳಲಿಲ್ಲ. ಒಂದು ದಿನ ಒಯ್ಯುವುದು ಮರೆತುಹೋಯಿತು, ಮರುದಿನವೂ ಮರೆಯಿತು, ಆಮೇಲೆ ಆ ಅಭ್ಯಾಸವೇ ತಪ್ಪಿತು. ಈ ನಡುವೆ ಅವರು ಬೈಯುವುದನ್ನು ಮತ್ತೆ ಶುರುಮಾಡಿದ್ದರು. ಕೆಲೇರಾ ನಿಟ್ಟುಸಿರು ಬಿಟ್ಟಳು.

ಈಗ ನೇಯಿಗೆ ಅರವತ್ತೇಳು. ಹುಡುಗಿಯರು ಹನ್ನೊಂದು ಮಂದಿ, ಬೇರೆ ಬೇರೆ ದ್ವೀಪಗಳವರು. ಕಲಿಸುವ ಕೆಲಸದಲ್ಲಿ ಅರ್ಧ ನನ್ನದು. ಹೋದ ಆಗಸ್ಟಿನಲ್ಲಿ ಅವರನ್ನೆಲ್ಲ ಕಟ್ಟಿಕೊಂಡು ಕೋರೋ ದ್ವೀಪಕ್ಕೆ ಹೋಗಿದ್ದೆವು. ಅಪ್ಪಣೆ ಕೇಳಿ ಆದಮೇಲೆ ನೇಯಿ, ಕ್ಯಾಮೆರಾಗಳನ್ನು ಚೀಲದಲ್ಲೇ ಇಡಲು ಹೇಳಿ, ಔಷಧಿ ಬಳಿದ ನಾರುಬಟ್ಟೆಯನ್ನು ದೀವಿಹಲಸಿನ ಮರದ ನೆರಳಲ್ಲಿ ಹಾಸಿದರು. ಊರಿನ ಹೆಂಗಸರಿಗೆ, "ನಿಮಗೆ ಏನು ಇಷ್ಟವೋ ಅದನ್ನು ತಂದು ಇದರ ಮೇಲಿಡಿ, ಆಮೇಲೆ ಬಿಸಿಲಿಗೆ ಎಳೆಯೋಣ, ಅದರ ನೆರಳು ಬಿದ್ದ ಕಡೆ ಬಿಳಿಯಾಗಿ ಉಳಿಯುತ್ತೆ," ಎಂದರು. ಒಬ್ಬಳು ಹರಿದ ಬಲೆ ತಂದಳು, ಒಬ್ಬಳು ಬಾಚಣಿಗೆ, ಒಬ್ಬಳು ಜರೀಗಿಡದ ಎಲೆ.

ವಿಲಿಮೈನಾ ಎಂಬ ಮುದುಕಿ ಕೈಯಲ್ಲಿ ಏನೂ ಇಲ್ಲದೆ ಬಂದು ನಿಂತಳು. "ನನ್ನ ಹತ್ರ ಏನೂ ಇಲ್ಲ," ಎಂದಳು. ಹಾಗೆಂದವಳು ಸ್ವಲ್ಪ ಯೋಚಿಸಿ, ತಲೆಯ ಗಂಟು ಬಿಚ್ಚಿ, ಚಾಪೆಯ ಮೇಲೆ ಕೆನ್ನೆಯಿಟ್ಟು ಮಲಗಿ, ಕೂದಲನ್ನೆಲ್ಲ ಬಟ್ಟೆಯ ಮೇಲೆ ಹರವಿದಳು. ನಮ್ಮಲ್ಲಿ ಇನ್ನೊಬ್ಬರ ತಲೆ ಮುಟ್ಟುವ ಹಾಗಿಲ್ಲ. ನೇಯಿ ಕೈ ಹಿಂದೆ ಕಟ್ಟಿಕೊಂಡು, "ಇನ್ನೊಂಚೂರು ಈ ಕಡೆ," ಎಂದಷ್ಟೇ ಹೇಳಿದರು. ನಾಲ್ವರು ಹುಡುಗಿಯರು ಬಟ್ಟೆಯನ್ನೂ ಚಾಪೆಯನ್ನೂ ಆಕೆಯ ಸಮೇತ ಮೆಲ್ಲಗೆ ಬಿಸಿಲಿಗೆ ಎಳೆದರು. ಕಾಲು ಗಂಟೆ ಯಾರೂ ಅಲ್ಲಾಡಲಿಲ್ಲ. ಹೆಂಗಸರಲ್ಲಿ ಯಾರೋ ಇಗರ್ಜಿಯ ಹಾಡೊಂದನ್ನು ಗುನುಗಿದರು, ಉಳಿದವರು ಸೇರಿಕೊಂಡರು. ವಿಲಿಮೈನಾ ನಡುವೆ ಒಂದು ಸಣ್ಣ ನಿದ್ದೆಯನ್ನೂ ಮಾಡಿದಳು.

ಮಳೆನೀರಿನ ತೊಟ್ಟಿಯಲ್ಲಿ ಬಟ್ಟೆಯನ್ನು ಮಲಗಿಸಿದಾಗ ಹಸಿರು ಹಳದಿಯಾಗಿದ್ದದ್ದು ನಿಧಾನವಾಗಿ ತೊಳೆದುಹೋಗಿ ನೀಲಿ ಏಳತೊಡಗಿತು. ನೀಲಿಯ ನಡುವೆ ಬಿಳಿಯ ಹೊಗೆ ಹಬ್ಬಿದಂತೆ, ಅಂಚಿನಲ್ಲಿ ಒಂದೊಂದೇ ಎಳೆ ಸ್ಪಷ್ಟವಾಗಿ, ಆಕೆಯ ಕೂದಲು ಮೂಡಿ ಬಂತು. ವಿಲಿಮೈನಾ ಎದ್ದು ಬಂದು, ತೊಟ್ಟಿಯ ಅಂಚು ಹಿಡಿದು ಬಗ್ಗಿ ನೋಡಿದಳು. ನೇಯಿ ಸದ್ದಿಲ್ಲದೆ ದನಿ ಹಿಡಿಯುವ ಪೆಟ್ಟಿಗೆಯ ಗುಂಡಿ ಒತ್ತಿದರು.

"ಇಷ್ಟೊಂದು ಕೂದಲು ನನಗಿದೆ ಅಂತ ನನಗೇ ಗೊತ್ತಿರಲಿಲ್ಲ," ಎಂದಳು ಆಕೆ.